ನಗು ದೇವಸ್ಥಾನದಲ್ಲಿಲ್ಲ, ಪತ್ರಿಕೆ ಆಫೀಸಿನಲ್ಲಿದೆ

ಸರ್, ನಿಮ್ಮ ಪ್ರಶ್ನೆ ಓದಿದೆ. ವಾರಕ್ಕೊಮ್ಮೆ ಬರುವ ಟ್ಯಾಬ್ಲಾಯ್ಡ್, ಊರಲ್ಲೊಂದು ಪವಾಡ, ಎರಡನ್ನೂ ಸೇರಿಸಿ ನಗೆ ಕಾದಂಬರಿ ಶುರು ಮಾಡಿದ್ದೀರಿ. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಭಕ್ತರನ್ನು ಸುಮ್ನೆ ಗೇಲಿ ಮಾಡಿದ ಹಾಗೆ ಆಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಪವಾಡ ನೋಡಲು ದೇವಸ್ಥಾನದ ಸಾಲಿನಲ್ಲಿ ನಿಂತ ಅಜ್ಜಿಯನ್ನು ಬಿಟ್ಟುಬಿಡಿ. ಅವರು ಹಾಲಿನ ಲೋಟ ಹಿಡಿದು ನಿಂತಿದ್ದಾರೆ, ಅವರಿಗೆ ಯಾವ ಲಾಭವೂ ಇಲ್ಲ. ಸಂಪಾದಕನ ಕುರ್ಚಿ ಹತ್ತಿರ ಹೋಗಿ.

ಮೊದಲು ಪತ್ರಿಕೆಯ ಲೆಕ್ಕ ತಿಳಿದಿರಲಿ. 1980ರಲ್ಲಿ ಲೇಖಕ ಪಿ. ಲಂಕೇಶ್ ಶುರು ಮಾಡಿದ ವಾರಪತ್ರಿಕೆ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಓದುಗ ಕೊಡುವ ಚಿಲ್ಲರೆಯಲ್ಲೇ ನಡೆಯಬೇಕು. ಲಂಕೇಶರ ಹತ್ತಿರ ಬರವಣಿಗೆ ಇತ್ತು, ನಡೆಯಿತು. ನಿಮ್ಮ ಸಂಪಾದಕನ ಹತ್ತಿರ ಅದು ಇಲ್ಲ ಅಂತಿಟ್ಟುಕೊಳ್ಳಿ, ಜಾಹೀರಾತೂ ಇಲ್ಲ. ಇರುವುದು ಮುಖಪುಟ ಒಂದೇ. ಪೆಟ್ಟಿಗೆ ಅಂಗಡಿ ಮುಂದೆ ತೂಗುಹಾಕಿದ್ದನ್ನು ಬಸ್ಸಿಗೆ ಓಡುವವನು ಒಂದು ಕ್ಷಣ ನಿಂತು ಓದಬೇಕು, ಜೇಬಿಗೆ ಕೈ ಹಾಕಬೇಕು. ಇಲ್ಲದಿದ್ದರೆ ಮುಂದಿನ ವಾರ ಏಜೆಂಟರು ಬಂಡಲ್‌ಗಳನ್ನು ಹಾಗೇ ವಾಪಸ್ ಕಳಿಸುತ್ತಾರೆ. ಈ ಭಯ ಇದ್ದವನ ಕೈಗೆ ಪವಾಡ ಸಿಕ್ಕರೆ ಏನೆಲ್ಲ ಮಾಡುತ್ತಾನೆ ಅನ್ನುವುದೇ ನಿಮ್ಮ ಕಥೆ.

ಪವಾಡವನ್ನು ಹೊಸದಾಗಿ ಹುಟ್ಟಿಸಬೇಡಿ. 1995ರ ಸೆಪ್ಟೆಂಬರ್ 21, ಗಣಪನ ಮೂರ್ತಿಗಳು ಚಮಚದಿಂದ ಹಾಲು ಕುಡಿದವು ಅಂತ ಸುದ್ದಿಯಾದ ಗುರುವಾರ ಇದೆಯಲ್ಲ. ಬೆಳಗ್ಗೆ ದೆಹಲಿಯಲ್ಲಿ ಎದ್ದ ಸುದ್ದಿ ಅದೇ ದಿನ ದೇಶವೆಲ್ಲ ಸುತ್ತಿ ಇಂಗ್ಲೆಂಡಿನ ದೇವಸ್ಥಾನಗಳನ್ನೂ ಮುಟ್ಟಿತು. ವಾಟ್ಸಾಪ್ ಇಲ್ಲದ ಕಾಲ, ಮೊಬೈಲ್ ಆಗಷ್ಟೇ ಕಾಲಿಟ್ಟಿತ್ತು. ಹೆಚ್ಚಾಗಿ ಫೋನಿನಲ್ಲೇ ಹಬ್ಬಿತು. ದುಡ್ಡು ಕೊಟ್ಟು ದೂರದ ಊರಿಗೆ ಫೋನ್ ಮಾಡುತ್ತಿದ್ದ ಎಸ್‌ಟಿಡಿ ಬೂತಿನೊಳಗೆ ಒಂದು ಪೂರ್ತಿ ಅಧ್ಯಾಯ ಇಡಬಹುದು. ಒಳಗಿದ್ದವಳು ತಂಗಿಗೆ ಸುದ್ದಿ ಹೇಳುತ್ತಿದ್ದಾಳೆ, ಮೀಟರಿನ ಕೆಂಪು ಅಂಕಿ ಓಡುತ್ತಿದೆ, ಗಾಜಿನ ಹೊರಗೆ ನಿಂತವರು ಅರ್ಧ ಮಾತು ಕೇಳಿಸಿಕೊಂಡು ಮಿಕ್ಕಿದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದಾರೆ. ಬೂತಿನವನು ಮಾತ್ರ ದೇವರಿಗೆ ನಿಜವಾಗಿಯೂ ಕೈ ಮುಗಿಯುತ್ತಿದ್ದಾನೆ.

ಈಗ ಮಜಾ ನೋಡಿ. ಗದ್ದಲ ಹೆಚ್ಚುಕಡಿಮೆ ಒಂದೇ ದಿನದ್ದು. ದಿನಪತ್ರಿಕೆಗಳು ಮರುದಿನವೇ ಬರೆದು ಮುಗಿಸಿದವು. ನಿಮ್ಮದು ವಾರಪತ್ರಿಕೆ, ಸಂಚಿಕೆ ಬರುವುದು ಇನ್ನೂ ನಾಲ್ಕು ದಿನಕ್ಕೆ. ಅಷ್ಟರಲ್ಲಿ ಗಣಪ ಕುಡಿಯುವುದನ್ನು ಬಿಟ್ಟಿದ್ದಾನೆ, ಮುಖಪುಟ ಖಾಲಿ. ಆಗ ವರದಿಗಾರನಿಗೆ ಗೊತ್ತಾಗುತ್ತದೆ: ಊರಿನ ಎಲ್ಲ ಗಣಪರೂ ಕುಡಿದರು, ಹಳೇ ಪೇಟೆಯ ಗಣಪ ಮಾತ್ರ ಕುಡಿಯಲಿಲ್ಲ. ‘ಹಳೇ ಪೇಟೆ ಗಣಪನಿಗೆ ಯಾರ ಮೇಲೆ ಕೋಪ?’ ಕೊನೆಗೊಂದು ಪ್ರಶ್ನೆ ಚಿಹ್ನೆ ಬಿದ್ದರೆ ಸಾಕು. ಟ್ಯಾಬ್ಲಾಯ್ಡ್‌ನವರಿಗೆ ಅದು ಮಳೆಗಾಲದ ಕೊಡೆ ಇದ್ದಂತೆ. ನಾವು ಆರೋಪ ಮಾಡಿಲ್ಲ, ಬರೀ ಕೇಳಿದ್ದೇವೆ ಅಂತ ತಪ್ಪಿಸಿಕೊಳ್ಳಬಹುದು. ಅರ್ಚಕರ ಮೇಲೆ ಅನುಮಾನ, ಟ್ರಸ್ಟಿಗಳ ಮೇಲೆ ಅನುಮಾನ, ಕೊನೆಗೆ ಕಾರ್ಪೊರೇಟರ್ ಬಂದು ಶಾಂತಿ ಹೋಮ.

ಕುಡಿಯದಿದ್ದಕ್ಕೆ ಕಾರಣ ಸರಿಯಾಗಿ ಇಡಿ, ಓದುಗರು ಹಿಡಿಯುತ್ತಾರೆ. ಚಮಚದ ತುಂಬ ಹಾಲು ತುಂಬಿ ಸೊಂಡಿಲಿಗೆ ತಾಗಿಸಿದರೆ ಮೇಲ್ಮೈ ಎಳೆತದಿಂದ (ದ್ರವದ ಮೇಲ್ಪದರ ಬಿಗಿಯಾಗಿ ಹಿಡಿದುಕೊಳ್ಳುವ ಗುಣ) ಹಾಲು ಅಂಚು ದಾಟಿ ಮೂರ್ತಿಯ ಕಡೆ ಸರಿಯುತ್ತದೆ. ಆಮೇಲೆ ತೆಳು ಪದರವಾಗಿ ಕೆಳಗೆ ಇಳಿಯುತ್ತದೆ. ಬಿಳಿ ಅಮೃತಶಿಲೆ ಮೇಲೆ ಬಿಳಿ ಹಾಲು ಕಾಣುವುದಿಲ್ಲ. ಆವತ್ತು ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ದೂ ಇದನ್ನೇ. ನಿಮ್ಮ ಹಳೇ ಪೇಟೆ ಗಣಪ ಕರಿ ಕಲ್ಲಿನವನಾಗಲಿ, ಎಣ್ಣೆ ಸವರಿ ಸವರಿ ಮಿರುಗುತ್ತಿರಲಿ. ಹಾಲು ಹನಿಹನಿಯಾಗಿ ಜಾರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ವರದಿಗಾರನಿಗೂ ಇದು ಗೊತ್ತಿರಬೇಕು. ಗೊತ್ತಿದ್ದೂ ಆ ಸಾಲು ಬರೆಯದೆ ಪುಟ ಕಳಿಸುತ್ತಾನಲ್ಲ, ಅಲ್ಲಿ ಓದುಗರು ನಗುತ್ತಾರೆ, ಸ್ವಲ್ಪ ಚುಚ್ಚಲೂ ಚುಚ್ಚುತ್ತದೆ.

ವಿಚಾರವಾದಿ ಮೇಷ್ಟ್ರು ಒಬ್ಬರು ಬರುತ್ತಾರೆ ಅಂದಿದ್ದೀರಿ. ಅವರನ್ನು ಭಾಷಣ ಬಿಗಿಯುವವರನ್ನಾಗಿ ಮಾಡಬೇಡಿ ಪ್ಲೀಸ್. ಎಚ್. ನರಸಿಂಹಯ್ಯನವರನ್ನು ನೋಡಿ. ಭೌತಶಾಸ್ತ್ರದ ಮೇಷ್ಟ್ರು, ಖಾದಿ ಉಟ್ಟ ಬ್ರಹ್ಮಚಾರಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 1976ರಲ್ಲಿ ಪವಾಡ ಪರೀಕ್ಷೆಗೆ ಅಂತಲೇ ಸಮಿತಿ ಮಾಡಿದರು. ನಿಮ್ಮ ಮೇಷ್ಟ್ರೂ ಪ್ರಶ್ನೆ ಕೇಳಲಿ, ಸಾಕು. ಬೇಕಾದರೆ ಪತ್ರಿಕೆಗೆ ಉದ್ದನೆಯ ವಿವರಣೆ ಬರೆದು ಕಳಿಸಲಿ. ಅದು ಓದುಗರ ಓಲೆಯಲ್ಲಿ ಎರಡು ಸಾಲಾಗಿ, ಅವರ ಹೆಸರು ತಪ್ಪಾಗಿ ಅಚ್ಚಾಗಲಿ.

ಕಾನೂನಿನ ಬಗ್ಗೆ ಒಂದು ಮಾತು. ಧಾರ್ಮಿಕ ಭಾವನೆಗೆ ಬೇಕೆಂದೇ ನೋವು ಮಾಡಿದರೆ ಮೊದಲು ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 295ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 299. ದುರುದ್ದೇಶ ಇರಬೇಕು ಅಂತ ಅದರಲ್ಲೇ ಇದೆ, ಹಾಗಂತ ಪೊಲೀಸ್ ಠಾಣೆಗೆ ಅಲೆಯುವುದು ತಪ್ಪುವುದಿಲ್ಲ. ಬದುಕಿರುವ ಸ್ವಾಮಿಗಳು, ಸಂಪಾದಕರು ಯಾರೂ ಗುರುತು ಸಿಗಬಾರದು. ಹೆಸರು ಬದಲಿಸಿದರೆ ಸಾಲದು, ಕಾರಿನ ಬಣ್ಣ, ಮೀಸೆ, ಊರು ಎಲ್ಲ ಬದಲಿಸಿ.

ಎರಡನೇ ಅಧ್ಯಾಯದಲ್ಲಿ ಸ್ವಾಮಿಗಳ ಪೂರ್ವಾಶ್ರಮದ ಕಥೆ ಇದೆಯಲ್ಲ, ಹನ್ನೆರಡು ಪುಟ ಅಂದಿರಿ. ನಾನಾಗಿದ್ದರೆ ಅದನ್ನು ಪೂರ್ತಿ ಕಿತ್ತು, ಪತ್ರಿಕೆಯಲ್ಲಿ ಬಂದ ಧಾರಾವಾಹಿಯ ತುಣುಕುಗಳಾಗಿ ಅಲ್ಲಲ್ಲಿ ಹಾಕುತ್ತಿದ್ದೆ, ಪ್ರತಿ ತುಣುಕಿನ ಕೊನೆಗೆ ‘ಮುಂದಿನ ವಾರ ಸ್ಫೋಟಕ ಮಾಹಿತಿ!’ ಅಂತ. ತಿದ್ದಿದ ಮೇಲೆ ಬೂತಿನ ಅಧ್ಯಾಯವನ್ನು ಮೊದಲು ಇಲ್ಲಿ ಹಾಕಿ. ಕಥೆ ಯಾವ ಊರಿನದು ಅಂತಲೂ ಹೇಳಿ, ಅರ್ಚಕರ ಮಾತು ಆ ಕಡೆಯದಾಗಿದೆಯಾ ಅಂತ ಗುಂಪಿನಲ್ಲಿ ಯಾರಾದರೂ ನೋಡಿ ಹೇಳುತ್ತಾರೆ.