ಮಳೆಗಾಲಕ್ಕೆ ದೋಣಿ ದಡದಲ್ಲೋ, ಹೊಳೆಯಲ್ಲೋ?

ಮೇ ತಿಂಗಳು ಕಾಲಿಟ್ಟರೆ ಸಾಕು, ಮಂಜೇಶ್ವರದಿಂದ ನೀಲೇಶ್ವರದ ತನಕ ಕೇಳಿಬರುವ ಪ್ರಶ್ನೆ ಒಂದೇ: ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದು ಹಾಕಬೇಕೋ, ಬೇಡವೋ. ಈ ಸಲದ ಪತ್ರಗಳಲ್ಲಿ ಉಳಿದವರಿಗೂ ಉಪಯೋಗವಾಗುವಂಥವನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 28 ಅಡಿಯ ಫೈಬರ್ ನಾಡದೋಣಿ, 9.9 ಎಚ್.ಪಿ. ಔಟ್‌ಬೋರ್ಡ್ ಇಂಜಿನ್. ಶಿರಿಯ ಹೊಳೆಯ ಅಳಿವೆಯಿಂದ ಸ್ವಲ್ಪ ಒಳಗೆ ಕಟ್ಟುತ್ತೇವೆ. ಜೂನ್‌ನಿಂದ ಆಗಸ್ಟ್ ನಡುವಿನ ತನಕ ಕಡಲಿಗೆ ಹೋಗುವ ಅಂದಾಜಿಲ್ಲ. ಎಳೆದು ಹಾಕಲು ಹತ್ತು ಜನ ಬೇಕು, ಇಳಿಸಲು ಮತ್ತೆ ಹತ್ತು ಜನ. ಇಂಜಿನ್ ಮಾತ್ರ ಬಿಚ್ಚಿ ದೋಣಿಯನ್ನು ಹೊಳೆಯಲ್ಲೇ ಬಿಟ್ಟರೆ ಆಗದೇ?
— ಓದುಗರು, ಶಿರಿಯ

ಉತ್ತರ: ಆಗುತ್ತದೆ, ದಿನಕ್ಕೆರಡು ಸಲ ಹೋಗಿ ನೀರು ಮೊಗೆಯುವವರು ಇದ್ದರೆ. ಇಲ್ಲವೆಂದಾದರೆ ಬೇರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ, ಎಳೆದು ಹಾಕಿ. ಹೊಳೆಯಲ್ಲಿ ಕಟ್ಟಿದ ತೆರೆದ ದೋಣಿ ಮುಳುಗುವುದು ಅಡಿಯಿಂದ ಬಂದ ನೀರಿಗಿಂತ ಹೆಚ್ಚಾಗಿ ಮೇಲಿನಿಂದ ಬಿದ್ದ ನೀರಿನಿಂದ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ದೋಣಿಯ ಬಾಯಿ ಹೆಚ್ಚುಕಡಿಮೆ 10 ಚದರ ಮೀಟರ್. 100 ಮಿ.ಮೀ. ಮಳೆ ಬಂದ ದಿನ 1,000 ಲೀಟರ್, ಅಂದರೆ ಒಂದು ಟನ್ ನೀರು, 20 ಲೀಟರಿನ ಬಕೆಟ್ಟಿನಲ್ಲಿ ಐವತ್ತು ಸಲ ಮೊಗೆಯಬೇಕು. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ. ನಮ್ಮ ಕಾಸರಗೋಡು ಜಿಲ್ಲೆಗೆ ಜೂನ್, ಜುಲೈಯಲ್ಲಿ ಅದೇನೂ ಹೊಸತಲ್ಲ. ಒಳಗೆ ಸೇರಿದ ನೀರು ಸಮನಾಗಿ ನಿಲ್ಲುವುದೂ ಇಲ್ಲ, ತಗ್ಗಿದ ಕಡೆಗೆ, ಸಾಮಾನ್ಯವಾಗಿ ಹಿಂಬದಿಗೆ ಓಡುತ್ತದೆ. ಇಂಜಿನ್ ಕೂರಿಸಲು ಹಿಂದಿನ ಹಲಗೆಯನ್ನು ಮೊದಲೇ ತಗ್ಗಿಸಿ ಕತ್ತರಿಸಿರುತ್ತಾರಲ್ಲ, ಅದರ ಅಂಚು ಹೊಳೆಯ ಮಟ್ಟಕ್ಕೆ ಇಳಿಯಿತೆಂದರೆ ಮುಂದಿನ ಒಂದು ಅಲೆ ಸಾಕು.

ದೋಣಿಯ ತಳದ ನೀರು ಎತ್ತಿಹಾಕುವ ಬಿಲ್ಜ್ ಪಂಪ್ ಇದೆಯಲ್ಲ ಎನ್ನುವವರಿದ್ದಾರೆ. ಗಂಟೆಗೆ 1,100 ಗ್ಯಾಲನ್ ಎಂದು ಬರೆದ 12 ವೋಲ್ಟಿನ ಪಂಪ್ ನಿಜವಾಗಿ ಎತ್ತುವುದು ಅದರ ಅರ್ಧ ಎಂದಿಟ್ಟುಕೊಂಡರೂ ಒಂದು ಟನ್ ನೀರನ್ನು ಅರ್ಧ ಗಂಟೆಯಲ್ಲಿ ಹೊರಹಾಕುತ್ತದೆ. ಪಂಪಿನ ಶಕ್ತಿ ಸಾಲದೆ ದೋಣಿ ಮುಳುಗುವುದು ಕಡಿಮೆ. ತರಗೆಲೆ, ಬಲೆಯ ತುಂಡು, ಥರ್ಮಾಕೋಲಿನ ಚೂರು ಸಿಕ್ಕಿಕೊಂಡರೆ, ನೀರೇರಿದಾಗ ತೇಲಿ ಪಂಪ್ ಓಡಿಸಬೇಕಾದ ಫ್ಲೋಟ್ ಸ್ವಿಚ್ ಮೇಲೇಳುವುದಿಲ್ಲ. ಇಲ್ಲವೇ ಮೇಲೆದ್ದಲ್ಲೇ ನಿಂತು, ಪಂಪ್ ಬರಿದೇ ಓಡಿ ಬ್ಯಾಟರಿ ಖಾಲಿಯಾಗುತ್ತದೆ. ವಾರಗಟ್ಟಲೆ ಮೋಡ ಕವಿದಾಗ ಸೋಲಾರ್ ಪ್ಯಾನೆಲನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ.

ಹೊಳೆಯದೇ ಕಾಟ ಇನ್ನೊಂದು. ಘಟ್ಟದ ಬುಡದಲ್ಲಿ ಮಳೆ ಹೊಯ್ದರೆ ಮರದ ದಿಮ್ಮಿ, ಬಿದಿರಿನ ಮೆಳೆ ಎಲ್ಲ ತೇಲಿ ಬರುತ್ತವೆ. ಬಿಟ್ಟೇ ಬಿಡುತ್ತೀರಾದರೆ ದೋಣಿಯ ಮೂತಿ ಮೇಲ್ಮುಖವಾಗಿ, ಹರಿವಿಗೆ ಎದುರಾಗಿರಲಿ. ಮುಂದೆ ಎರಡು ಹಗ್ಗ, ಹಿಂದೆ ಒಂದು. 16 ಮಿ.ಮೀ. ನೈಲಾನ್ ಒಳ್ಳೆಯದು, ಎಳೆತಕ್ಕೆ ಹಿಗ್ಗುತ್ತದೆ. ಹಗ್ಗ ಅಂಚಿಗೆ ಉಜ್ಜುವಲ್ಲಿ ಹಳೆಯ ತೋಟದ ಪೈಪಿನ ಒಂದು ಅಡಿ ತುಂಡು ತೊಡಿಸಿ. ಇಳಿತದ ವೇಳೆ ಗಿಡ್ಡವಾಗಿ ಕಟ್ಟಿಹೋದ ದೋಣಿಯನ್ನು ಉಬ್ಬರ ಮತ್ತು ನೆರೆ ಒಟ್ಟಿಗೆ ಬಂದ ರಾತ್ರಿ ಹಗ್ಗವೇ ಹಿಡಿದು ಮುಳುಗಿಸುತ್ತದೆ. ಇದು ಪ್ರತಿ ವರ್ಷ ಆಗುವಂಥದ್ದು, ಪ್ರತಿ ವರ್ಷವೂ ಹೊಳೆಗೇ ಬೈಗುಳ.

ಕೂಲಿಯ ಮಾತಿಗೆ ಬಂದರೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರ ನೋಡಿಕೊಂಡು ಎಳೆಯಿರಿ. ನೀರೇ ದೋಣಿಯನ್ನು ಅರ್ಧ ದಾರಿಗೆ ಎತ್ತಿ ಕೊಡುತ್ತದೆ. ಮೊದಲೇ ಇಂಜಿನ್, ಬಲೆ, ಲಂಗರು, ಟ್ಯಾಂಕ್ ಎಲ್ಲ ಇಳಿಸಿದರೆ ಎಳೆಯುವವರ ಬೆನ್ನು ನಿಮಗೆ ಶಾಪ ಹಾಕದು.

ಪ್ರಶ್ನೆ: ದೋಣಿ ಎಳೆದು ತೆಂಗಿನ ತೋಟದ ನೆರಳಿನಲ್ಲಿ ಇಟ್ಟು ಟಾರ್ಪಾಲು ಬಿಗಿದರೆ ಸಾಕಲ್ಲವೇ?
— ಓದುಗರು, ಮೊಗ್ರಾಲ್

ಉತ್ತರ: ತೆಂಗಿನ ಮರದ ಅಡಿ ಮಾತ್ರ ಬೇಡ. ಗಾಳಿಮಳೆಗೆ ಬಿದ್ದ ಒಂದು ಕಾಯಿ ಫೈಬರಿನ ಹೊರಪದರದಲ್ಲಿ ನಕ್ಷತ್ರದ ಹಾಗೆ ಸೀಳು ಬಿಡುತ್ತದೆ. ಮಡಲು ಬಿದ್ದರೆ ಟಾರ್ಪಾಲು ಹೋಯಿತು.

ಕಡಲದಂಡೆಯಲ್ಲಿ ಹೊಯಿಗೆಯ ಮೇಲೂ ಬೇಡ. ಮುಸೋಡಿ, ಉಪ್ಪಳದ ಕಡೆಯವರಿಗೆ ಕಡಲ್ಕೊರೆತದ ವಿಷಯ ನಾವು ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆಯೇ, ಗಾಳಿ ಇಲ್ಲದ ದಿನವೂ ನುಗ್ಗುವ ಕಳ್ಳಕಡಲು ಇದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಸಂಸ್ಥೆ ಅದರ ಮುನ್ಸೂಚನೆ ಕೊಡುತ್ತದೆ, ಆದರೆ ಮುನ್ಸೂಚನೆ ಬಂದ ರಾತ್ರಿ ಹತ್ತು ಜನ ಸಿಗುವುದಿಲ್ಲ.

ಇಡುವ ಕ್ರಮ ಹೀಗೆ. ಭಾರವೆಲ್ಲ ಕೀಲ್ ಮೇಲೆ, ಅಂದರೆ ದೋಣಿಯ ತಳದ ನಡುವೆ ಉದ್ದಕ್ಕಿರುವ ದಿಂಡಿನ ಮೇಲೆ ಕೂರಬೇಕು, ಪಕ್ಕದ ಆಸರೆಗಳು ವಾಲದ ಹಾಗೆ ಹಿಡಿಯಲು ಮಾತ್ರ. ಕೀಲ್ ಅಡಿಗೆ ಐದಾರು ಅಡಿಗೊಂದರಂತೆ ತೆಂಗಿನ ದಿಮ್ಮಿ, ಒಂದು ಕಡ್ಡಾಯವಾಗಿ ಹಿಂಬದಿ ಹಲಗೆಯ ನೇರ ಕೆಳಗೆ. ಪಕ್ಕದ ಆಸರೆ ದೋಣಿಯ ಒಳಗಿನ ಅಡ್ಡಹಲಗೆ ಇರುವಲ್ಲಿಗೇ ತಾಗಲಿ, ನಡುವೆ ಹಳೆ ಟಯರಿನ ತುಂಡು. ಅಡ್ಡಹಲಗೆ ಇಲ್ಲದ ಕಡೆ ಬರೀ ಚಿಪ್ಪಿಗೆ ಕಂಬ ಒತ್ತಿದರೆ ಎರಡು ತಿಂಗಳಲ್ಲಿ ಅಲ್ಲಿ ಗುಳಿ. ಮರಳಿನ ಚೀಲವನ್ನೋ ಒಂದರ ಮೇಲೊಂದು ಇಟ್ಟ ಮುರಕಲ್ಲನ್ನೋ ನಂಬಬೇಡಿ, ಮಳೆನೀರು ಅಡಿಯ ಮಣ್ಣು ಕೊರೆದರೆ ಒಂದು ಬದಿ ಕುಸಿಯುತ್ತದೆ. ಮೂತಿ ಹಿಂಬದಿಗಿಂತ ಒಂದು ಅಡಿ ಎತ್ತರ ಇರಲಿ, ತಳದ ಬಿರಡೆ ಬಿಚ್ಚಿ ಕಿಸೆಗೆ ಹಾಕಿಕೊಳ್ಳಿ. ಟಾರ್ಪಾಲು ಹರಿದರೂ ನೀರು ತಾನಾಗಿ ಹೋಗುತ್ತದೆ. ಬಿರಡೆ ತೂತಿಗೆ ಒಂದು ಚೂರು ಸೊಳ್ಳೆಬಲೆ ಕಟ್ಟಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ.

ಟಾರ್ಪಾಲಿಗೆ ಉದ್ದಕ್ಕೊಂದು ಬಿದಿರು ಕೊಟ್ಟು ಮನೆಯ ಮಾಡಿನ ಹಾಗೆ ಇಳಿಜಾರು ಮಾಡಿ. ಎರಡೂ ತುದಿ ತೆರೆದಿರಲಿ. ಪೊಟ್ಟಣ ಕಟ್ಟಿದ ಹಾಗೆ ಬಿಗಿದರೆ ಒಳಗಿನ ಹಬೆ ಹೊರಗೆ ಹೋಗದೆ ಮರದ ಭಾಗವೆಲ್ಲ ಬೂಷ್ಟು ಹಿಡಿಯುತ್ತದೆ.

ಎಳೆದ ದಿನವೇ ಅಡಿಗೆ ಅಂಟಿದ ಚಿಪ್ಪುಗಳನ್ನು ಕೆರೆಯಿರಿ. ಹಸಿ ಇರುವಾಗ ಮರದ ಉಳಿಯಲ್ಲಿ ಬರುತ್ತವೆ. ಎರಡು ದಿನ ಒಣಗಿದರೆ ಸಿಮೆಂಟು.

ಪ್ರಶ್ನೆ: ಸೀಮೆಎಣ್ಣೆ ಇಂಜಿನ್ ಎರಡು ತಿಂಗಳು ಮನೆಯಲ್ಲಿಟ್ಟರೆ ಪ್ರತಿ ವರ್ಷ ಸ್ಟಾರ್ಟ್ ಆಗಲು ಕಾಟ ಕೊಡುತ್ತದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದು ಕೊಡುತ್ತಾರೆ, ಅಷ್ಟೇ.
— ಓದುಗರು, ಕುಂಬಳೆ

ಉತ್ತರ: ನಿಲ್ಲಿಸುವ ಕ್ರಮದಲ್ಲೇ ತಪ್ಪಿದೆ. ಒಂದು ಡ್ರಮ್ಮಿಗೆ ಬಾವಿನೀರು ತುಂಬಿ, ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ಮುಳುಗುವಷ್ಟು ಇಂಜಿನ್ ಇಳಿಸಿ ಓಡಿಸಿ. ಹತ್ತು ನಿಮಿಷವಾದರೂ ಬೇಕು. ಯಾಕೆಂದರೆ ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ಎಂಬ ಕವಾಟ ತೆರೆದ ಮೇಲೆಯೇ ಸಿಹಿನೀರು ಪೂರ್ತಿ ಒಳಗೆ ಸುತ್ತುವುದು. ಎರಡು ನಿಮಿಷಕ್ಕೆ ನಿಲ್ಲಿಸಿದರೆ ಉಪ್ಪು ಒಳಗೇ ಉಳಿಯಿತು. ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಬಿಡದೆ ಬರುತ್ತಿದೆಯೋ ನೋಡಿ. ನೀರಿಲ್ಲದೆ "ಒಂದು ಸಲ ಶಬ್ದ ಕೇಳೋಣ" ಎಂದು ಓಡಿಸಿದರೆ ಇಂಜಿನ್ ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ.

ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಬದಲಿಸಿ ಐದು ನಿಮಿಷ ಓಡಿಸಿ, ಆಮೇಲೆ ಇಂಧನದ ಪೈಪ್ ಕಳಚಿ, ಇಂಜಿನ್ ತಾನಾಗಿ ಸಾಯುವ ತನಕ ಬಿಡಿ. ಕಾರ್ಬ್ಯುರೇಟರ್ ಖಾಲಿಯಾಗಬೇಕು, ನಿಮ್ಮ ಕಾಟದ ಮೂಲ ಅಲ್ಲಿ ಉಳಿದು ಅಂಟಾಗುವ ಎಣ್ಣೆ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಟೂ-ಟಿ (ಟೂ-ಸ್ಟ್ರೋಕ್ ಇಂಜಿನಿನ) ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ನಾಲ್ಕೈದು ಸಲ ಎಳೆಯಿರಿ. ಗೇರ್ ಆಯಿಲ್ ಈಗಲೇ ಬಿಚ್ಚಿ ನೋಡಿ. ಹಾಲಿನ ಬಣ್ಣವಿದ್ದರೆ ಸೀಲ್ ಹೋಗಿದೆ, ನೀರು ಸೇರಿದೆ. ಹಾಗೇ ಇಟ್ಟರೆ ಗೇರಿನ ಹಲ್ಲಿಗೆ ತುಕ್ಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಉಕ್ಕುವ ತನಕ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಬೀಳುತ್ತದೆ. ಪ್ರೊಪೆಲ್ಲರ್ ತೆಗೆದು ಹಿಂದೆ ಸುತ್ತಿಕೊಂಡ ನೈಲಾನ್ ನೂಲು ಹುಡುಕಿ, ಸೀಲ್ ಕೊಯ್ಯುವುದು ಹೆಚ್ಚಾಗಿ ಅದೇ.

ಉಳಿದ ಪೆಟ್ರೋಲನ್ನು ಸ್ಕೂಟರಿಗೆ ಹಾಕಿ ಮುಗಿಸಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ತನಕ ಎಥನಾಲ್ ಇದೆ, ಅದು ಗಾಳಿಯ ತೇವ ಹೀರಿ, ಹೆಚ್ಚಾದಾಗ ನೀರಿನೊಡನೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಜಿನ್ ಎಳೆದುಕೊಳ್ಳುವುದೂ ತಳದಿಂದಲೇ. ಇಂಜಿನನ್ನು ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ, ಮಲಗಿಸಬೇಡಿ.

ಪ್ರಶ್ನೆ: ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಚಳಿಗಾಲಕ್ಕೆ ದೋಣಿ ಎತ್ತಿ ಇಂಜಿನಿಗೆ ಆಂಟಿಫ್ರೀಜ್ ಹಾಕುತ್ತಾರಂತೆ. ನಾವೂ ಹಾಕಬೇಕೇ?
— ಓದುಗರು, ಮಂಜೇಶ್ವರ

ಉತ್ತರ: ಬೇಡ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗಿ ಇಂಜಿನ್ ಬ್ಲಾಕನ್ನೇ ಸೀಳುತ್ತದೆ ಎಂಬುದಕ್ಕೆ ಅಲ್ಲಿ ಆ ಏರ್ಪಾಡು. ನಮ್ಮಲ್ಲಿ ಆ ಭಯವಿಲ್ಲ. ಆದರೆ ಒಳಗೆ ಕೂರುವ ಡೀಸೆಲ್ ಇಂಜಿನ್ ಇದ್ದು, ಅದಕ್ಕೆ ಪ್ರತ್ಯೇಕ ಕೂಲೆಂಟ್ ಇದ್ದರೆ ಅದನ್ನು ಚೆಲ್ಲಿ ಬಾವಿನೀರು ತುಂಬಬೇಡಿ. ಅದರಲ್ಲಿ ತುಕ್ಕು ತಡೆಯುವ ಮದ್ದೂ ಇರುತ್ತದೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮರದ ಸಣ್ಣ ದೋಣಿ. ಮೇಲೆ ಹಾಕಿದರೆ ಒಣಗಿ ಬಿರುಕು ಬಿಡುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ.
— ಓದುಗರು, ಚೆಮ್ನಾಡ್

ಉತ್ತರ: ಬೇಸಗೆಯಲ್ಲಿ ಅವರ ಮಾತು ಸರಿ. ಮಳೆಗಾಲದ ತೇವದಲ್ಲಿ, ನೆರಳಿನಲ್ಲಿ ಇಟ್ಟರೆ ಹಲಗೆ ಅಷ್ಟು ಕುಗ್ಗುವುದಿಲ್ಲ. ಮರದ ದೋಣಿಯನ್ನು ಎತ್ತಲು ಇನ್ನೊಂದು ಕಾರಣವೂ ಇದೆ: ಮರ ಕೊರೆಯುವ ಹಡಗುಹುಳು. ಸೂಜಿಮೊನೆಯಷ್ಟು ತೂತಿನಲ್ಲಿ ಒಳಹೊಕ್ಕು ಅಲ್ಲೇ ಬೆಳೆಯುತ್ತದೆ. ಹೊರಗೆ ನೋಡಿದರೆ ಹಲಗೆ ಚೆನ್ನಾಗಿಯೇ ಇರುತ್ತದೆ, ಚೂರಿಯ ಮೊನೆ ಒತ್ತಿದರೆ ಒಳಗೆ ಟೊಳ್ಳು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಸಿಹಿಯಾದಾಗ ಸಾಯುತ್ತದಲ್ಲ ಎನ್ನಬಹುದು. ತೂತಿನ ಬಾಯಿ ಮುಚ್ಚಿಕೊಂಡು ಕೆಲವು ವಾರ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಎರಡು ತಿಂಗಳು ದಡದಲ್ಲಿದ್ದರೆ ತಡೆಯದು.

ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚುವ ಹಳೆಯ ಕ್ರಮ ಈಗಲೂ ಒಳ್ಳೆಯದೇ. ಆದರೆ ಮೇ ತಿಂಗಳಲ್ಲೇ, ಮರ ಒಣಗಿದ ಮೇಲೆ, ತೆಳ್ಳಗೆ ಎರಡು ಮೂರು ಸಲ. ಹಸಿ ಮರ ಎಣ್ಣೆ ಕುಡಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಗೇರೆಣ್ಣೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಇಳಿಸುವ ಎರಡು ಮೂರು ದಿನ ಮೊದಲು ಒಳಗೆ ಒದ್ದೆ ಗೋಣಿ ಹಾಸಿದರೆ ಸಂದುಗಳು ಕೂಡಿಕೊಳ್ಳುತ್ತವೆ.

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧ ಯಾವತ್ತಿನಿಂದ? ಮಂಗಳೂರಿನವರು ಒಂದು ಹೇಳುತ್ತಾರೆ, ಇಲ್ಲಿಯವರು ಇನ್ನೊಂದು.
— ಓದುಗರು, ಉಪ್ಪಳ

ಉತ್ತರ: ಇಬ್ಬರೂ ಸರಿ. ಕೇರಳದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿ ತನಕ, 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31, 61 ದಿನ. ಕೇರಳದಲ್ಲಿ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಆಯಾ ವರ್ಷದ ಮೀನುಗಾರಿಕಾ ಇಲಾಖೆಯ ಆದೇಶ ನೋಡಿಕೊಳ್ಳಿ.

ಪ್ರಶ್ನೆ: ದೋಣಿ ಹೇಗೂ ಮೇಲಿದೆ, ಜುಲೈಯಲ್ಲಿ ಫೈಬರಿನ ಸೀಳು ಸರಿಮಾಡಬಹುದೇ?
— ಓದುಗರು, ಕಾಸರಗೋಡು

ಉತ್ತರ: ಮಾಡು ಇರುವ, ಗಾಳಿ ಆಡುವ ಶೆಡ್ಡಿನಲ್ಲಿ ಹೌದು. ಟಾರ್ಪಾಲಿನ ಅಡಿಯಲ್ಲಿ ಬೇಡ. ತೇವ ಹಿಡಿದ ಫೈಬರ್ ಮ್ಯಾಟಿಗೆ (ಗಾಜಿನ ನಾರಿನ ಹಾಸು) ರೆಸಿನ್ ಎಂಬ ಅಂಟು ಸರಿಯಾಗಿ ಇಳಿಯದೆ ಬಿಳಿಯಾಗಿ ಉಳಿಯುತ್ತದೆ, ಆ ಪದರ ಮುಂದೆ ಸುಲಿದು ಬರುತ್ತದೆ. ಸೀಳಿನ ಎರಡೂ ಕಡೆ ದಪ್ಪದ ಹನ್ನೆರಡು ಪಾಲು ಅಗಲಕ್ಕೆ ಇಳಿಜಾರಾಗಿ ತೇಯಬೇಕು, 5 ಮಿ.ಮೀ. ದಪ್ಪವಿದ್ದರೆ ಒಂದೊಂದು ಬದಿಗೆ 60 ಮಿ.ಮೀ. ತೇಯದೆ ಮೇಲಿಂದ ತೇಪೆ ಹಚ್ಚಿದ್ದು ಮೊದಲ ಅಲೆಯ ಬಡಿತಕ್ಕೆ ಏಳುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್, ಅದನ್ನು ಗಟ್ಟಿಮಾಡಲು ರೆಸಿನಿನ 1ರಿಂದ 2 ಶೇಕಡಾ ಕ್ಯಾಟಲಿಸ್ಟ್. ಗಟ್ಟಿಯಾಗುವುದನ್ನು ಚುರುಕುಮಾಡುವ ಕೊಬಾಲ್ಟ್ ಎಕ್ಸಿಲರೇಟರ್ ಬೇರೆಯಾಗಿ ಸಿಕ್ಕಿದ್ದರೆ ಅದನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಎಂದೂ ಬೆರೆಸಬಾರದು, ಸಿಡಿದು ಬೆಂಕಿ ಹತ್ತುತ್ತದೆ. ಒಂದನ್ನು ರೆಸಿನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಶುರು ಮಾಡುವ ಮೊದಲು ಇಂಜಿನ್ ಕೂರುವ ಹಿಂಬದಿ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಎನ್ನುವ ಬದಲು ಮಂದವಾಗಿ ಕೇಳಿದರೆ ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗಿನ ಪ್ಲೈವುಡ್ ಕೊಳೆತಿದೆ ಎಂದು ಲೆಕ್ಕ. ಹಾಗಿದ್ದರೆ ಸೀಳಿನ ಕೆಲಸ ಆಮೇಲೆ, ಹಲಗೆ ಬದಲಿಸುವುದು ಮೊದಲು.