ಕಲಬುರಗಿಯಿಂದ ಕಾರಿನಲ್ಲಿ ಜೈಸಲ್ಮೇರ್‌ವರೆಗೆ ಹೋಗಿ ಬರಲು ಒಂದು ವಾರ ಸಾಕಾ?

ಅಲ್ಲಿ ನಮಗೆ ಹೊಸದೇನಿದೆ, ಒಂದು ವಾರದಲ್ಲಿ ರಾಜಸ್ಥಾನದ ಮೌಂಟ್ ಅಬು, ಜೋಧ್‌ಪುರ, ಜೈಸಲ್ಮೇರ್ ನೋಡಿ, ಅಲ್ಲಿರುವ ಗೆಳೆಯರನ್ನೂ ಮಾತಾಡಿಸಿ ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು. ಆದರೆ ಗೆಳೆಯರ ಮುಖಕ್ಕಿಂತ ಟೋಲ್ ನಾಕಾ ನೋಡುವುದೇ ಜಾಸ್ತಿ ಆಗುತ್ತದೆ. ಒಂದು ಕಡೆಗೇ ಹತ್ತಿರ ಹತ್ತಿರ 1,800 ಕಿ.ಮೀ. ಇದೆ. ನಾವು 13 ದಿನ ತಗೊಂಡೆವು, ಆದರೂ ಬಾಡ್‌ಮೇರ್ ಕಡೆ ಹೋಗಲು ಆಗಲಿಲ್ಲ.

ನಾನು, ನನ್ನ ಹೆಂಡತಿ, ತಮ್ಮ, ಮೂರೇ ಜನ. ಊರಲ್ಲಿ ತೊಗರಿ ರಾಶಿ ಮುಗಿಸಿ ಜನವರಿ ಕೊನೆಗೆ ಹೊರಟೆವು. ಸಾದಾ ಸಣ್ಣ ಕಾರು, ನಾಲ್ಕು ವರ್ಷ ಹಳೆಯದು, ಅದಕ್ಕೇನೂ ಆಗಲಿಲ್ಲ. ಹಾಗಾಗಿ ದೊಡ್ಡ ಗಾಡಿ ಇಲ್ಲ ಅಂತ ಚಿಂತೆ ಮಾಡಬೇಡಿ. ಆದರೆ ಓಡಿಸಲು ಇಬ್ಬರು ಬೇಕೇ ಬೇಕು.

ಮೊದಲ ಎರಡು ದಿನದ ಬಗ್ಗೆ ಹೇಳಲು ಏನೂ ಇಲ್ಲ. ಆಳಂದ, ಅಕ್ಕಲಕೋಟೆ, ಸೊಲ್ಲಾಪುರ, ರಾತ್ರಿ ಪುಣೆಯಲ್ಲಿ ಗೆಳೆಯನ ಮನೆ. ಮರುದಿನ ಮುಂಬೈ ಹೊರವಲಯದ ಲಾರಿಗಳ ನಡುವೆ ಬೈದುಕೊಂಡು ಹೋಗಿ, ಸೂರತ್ ದಾಟಿ ವಡೋದರಾ. ಒಂದು ಮಾತು ಮಾತ್ರ ನೆನಪಿಡಿ: ರಾಜಸ್ಥಾನದಲ್ಲಿ ಪೆಟ್ರೋಲ್ ಗುಜರಾತಿಗಿಂತ ತುಟ್ಟಿ. ಪಾಲನ್‌ಪುರದಲ್ಲೇ ಟ್ಯಾಂಕ್ ಫುಲ್ ಮಾಡಿಸಿಕೊಳ್ಳಿ.

ಪ್ರವಾಸ ನಿಜಕ್ಕೂ ಶುರುವಾಗುವುದು ಅಬು ರೋಡ್‌ನಲ್ಲಿ. ಅಲ್ಲಿಂದ ಸುಮಾರು 28 ಕಿ.ಮೀ. ಘಾಟು. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಗುಂಡುಕಲ್ಲು. ನನ್ನ ತಮ್ಮ "ಅಣ್ಣಾ, ಯಾದಗಿರಿ ಗುಡ್ಡ ನೋಡಿದಂಗೇ ಆಗ್ಲಿಕತ್ತದಲ್ಲ" ಅಂದ. ಸುಳ್ಳಲ್ಲ, ಎರಡೂ ಕಡೆ ಗ್ರಾನೈಟೇ. ಮೇಲೆ ಗುರು ಶಿಖರ, 1,722 ಮೀಟರ್, ಅರಾವಳಿಯ ಅತಿ ಎತ್ತರದ ಜಾಗ. ಅಲ್ಲಿ ಇರುವುದು ದತ್ತಾತ್ರೇಯನ ಗುಡಿ. ಹುಣ್ಣಿಮೆ ಬಂದರೆ ಗಾಣಗಾಪುರಕ್ಕೆ ಓಡುವ ಮನೆ ನಮ್ಮದು. ಅಷ್ಟು ದೂರ ಹೋಗಿ ಗುಡ್ಡದ ತುದಿಯಲ್ಲಿ ಅದೇ ದೇವರು ಸಿಕ್ಕಾಗ ನನ್ನ ಹೆಂಡತಿ ಅಲ್ಲೇ ನಿಂತು ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. ಗಾಳಿಗೆ ಒಂದು ಮಾತೂ ಕೇಳಿಸಲಿಲ್ಲ, ಅದು ಬೇರೆ ಮಾತು. ದಿಲ್ವಾಡಾ ಜೈನ ಬಸದಿಗೆ ಮಧ್ಯಾಹ್ನದ ಮೇಲೆ ಹೋಗಿ, ಬೆಳಗ್ಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಅಲ್ಲಿರುವ ವಿಮಲ ವಸಹಿ ಅನ್ನುವ ಬಸದಿ 1031ರದ್ದು. ಒಳಗೆ ಫೋಟೋ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು, ಕತ್ತೆತ್ತಿ ಛಾವಣಿ ನೋಡುತ್ತಾ ಸುಮ್ನೆ ಕೂತೆವು.

ಗುಡ್ಡ ಇಳಿದು ಸಿರೋಹಿ, ಪಾಲಿ ದಾಟಿದರೆ ಜೋಧ್‌ಪುರ. ಅಲ್ಲಿರುವ ಗೆಳೆಯ ಮಾರವಾಡಿ, ಹುಟ್ಟಿ ಬೆಳೆದದ್ದೆಲ್ಲ ಕಲಬುರಗಿಯಲ್ಲಿ. ಸೂಪರ್ ಮಾರ್ಕೆಟ್ ಹತ್ತಿರ ಅವರಪ್ಪನ ಬಟ್ಟೆ ಅಂಗಡಿ ಇತ್ತು. ಊರು ಬಿಟ್ಟು ಹನ್ನೊಂದು ವರ್ಷ ಆದರೂ ಬಾಗಿಲಲ್ಲೇ "ಯಾಕಲೇ, ಇಷ್ಟ್ ತಡಾ?" ಅಂದ. ಅವನ ಹೆಂಡತಿ ಮಕ್ಕಳು ಇವನ್ಯಾವ ಭಾಷೆ ಮಾತಾಡ್ತಿದ್ದಾನೆ ಅಂತ ಬಾಯಿಬಿಟ್ಟು ನೋಡುತ್ತಿದ್ದರು.

ಊಟಕ್ಕೆ ಸಜ್ಜೆ ರೊಟ್ಟಿ ಬಂತು. ನಮ್ಮದಕ್ಕಿಂತ ದಪ್ಪ, ಮೇಲೆ ಕೈತುಂಬ ತುಪ್ಪ. ಜೊತೆಗೆ ಕಪ್ಪಗೆ, ಉದ್ದುದ್ದ ದಾರದ ಹಾಗಿರುವ ಪಲ್ಯ. ಎಣ್ಣೆಯಲ್ಲಿ ಮಿರಮಿರ ಅನ್ನುತ್ತಿತ್ತು. ಬಾಯಿಗಿಟ್ಟರೆ ಸ್ವಲ್ಪ ಹುಳಿ, ಸ್ವಲ್ಪ ಒಗರು, ಒಣಮೆಣಸಿನಕಾಯಿ ಖಾರ. ಒಣಗಿದ ಚವಳಿಕಾಯಿ ಇರಬೇಕು ಅಂದುಕೊಂಡೆ. ಏನಿದು ಅಂದರೆ ಅವರಮ್ಮ ಒಳಗಿಂದ ಒಂದು ಡಬ್ಬಿ ತಂದು ನನ್ನ ಅಂಗೈಗೆ ಹಾಕಿದರು. ಕಂದು ಬಣ್ಣದ, ಸುರುಟಿದ, ತೆಳ್ಳನೆ ಕಾಯಿ. ಹೆಸರು ಸಾಂಗ್ರಿ. ಎಳೆಯದಿದ್ದಾಗ ಕಿತ್ತು ಒಣಗಿಸಿ ಇಡುತ್ತಾರಂತೆ, ಬೇಕಾದಾಗ ರಾತ್ರಿ ನೆನೆಹಾಕಿ ಕೈರ್ ಅನ್ನೋ ಸಣ್ಣ ಕಾಯಿ ಜೊತೆ ಪಲ್ಯ ಮಾಡುತ್ತಾರೆ. ಆಗ ಗೆಳೆಯ ನಗುತ್ತಾ ಹೇಳಿದ: "ಬನ್ನಿಕಾಯಿ ಅದು. ದಸರಾದಾಗ ಎಲಿ ಕೊಟ್ಟು ಬಂಗಾರದಂಗ ಇರೋಣು ಅಂತಿದ್ದಿವಲ್ಲ, ಅದೇ ಗಿಡಾ."

ನಿಜ ಹೇಳ್ತೀನಿ, ನನ್ನ ಜನ್ಮದಲ್ಲಿ ಬನ್ನಿಕಾಯಿ ತಿಂದಿರಲಿಲ್ಲ. ನಾವು ವರ್ಷಕ್ಕೊಮ್ಮೆ ಪೂಜೆ ಮಾಡುವ ಗಿಡದ ಮೇಲೆ ಅವರ ಬದುಕೇ ನಿಂತಿದೆ. ಕಾಯಿ ಮನುಷ್ಯರಿಗೆ, ಸೊಪ್ಪು ಆಡಿಗೆ, ಒಂಟೆಗೆ, ನೆರಳು ಹೊಲಕ್ಕೆ. ಅಲ್ಲಿ ಅದಕ್ಕೆ ಖೇಜಡಿ ಅಂತಾರೆ. ಮರುದಿನ ಅವನೇ ಖೇಜಡ್ಲಿ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದ. ಜೋಧ್‌ಪುರದಿಂದ ಒಂದು ತಾಸಿನೊಳಗಿನ ದಾರಿ. 1730ರಲ್ಲಿ ರಾಜನ ಕಡೆಯವರು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿ ಅನ್ನುವ ಹೆಣ್ಣುಮಗಳು ಮರ ತಬ್ಬಿಕೊಂಡು ಪ್ರಾಣ ಕೊಟ್ಟಳು. ಅವಳ ಹಿಂದೆ, ಮರ ಪ್ರಾಣಿಗಳನ್ನು ಕಾಯುವುದೇ ಧರ್ಮ ಅನ್ನುವ ಬಿಷ್ಣೋಯಿ ಸಮುದಾಯದವರು ಒಟ್ಟು 363 ಜನ ಸತ್ತರು. ಕೋಟೆ ನೋಡಲು ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ, ಮೆಹ್ರಾನ್‌ಗಢ ಬಿಡಬೇಡಿ. ಆದರೆ ಈ ಹಳ್ಳಿಗೂ ಅರ್ಧ ದಿನ ಇಡಿ.

ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿ.ಮೀ., ಪೋಖ್ರಾನ್ ಮೇಲೆ ದಾರಿ. ರಸ್ತೆ ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಅಂದರೆ ನಿದ್ದೆ ಬರುತ್ತದೆ. ಎರಡೂ ಕಡೆ ಗಾಳಿಯಂತ್ರ, ಕುರುಚಲು ಗಿಡ, ಆಗೊಮ್ಮೆ ಈಗೊಮ್ಮೆ ಒಂಟೆ. ಕತ್ತಲಾದ ಮೇಲೆ ಓಡಿಸಲೇಬೇಡಿ, ದನ ಮತ್ತು ನೀಲ್‌ಗಾಯ್ ರಸ್ತೆ ಮಧ್ಯೆ ನಿಂತಿರುತ್ತವೆ.

ಸಾಮ್ ಮರಳು ದಿಬ್ಬಕ್ಕೆ ಹೋಗುವಾಗ ನಾನೊಂದು ಪೆದ್ದು ಕೆಲಸ ಮಾಡಿದೆ. ಫೋಟೋಗೆ ಅಂತ ಕಾರನ್ನು ಡಾಂಬರಿನಿಂದ ಕೆಳಗಿಳಿಸಿದೆ. ಎರಡಡಿ ಅಷ್ಟೇ. ಮುಂದಿನ ಗಾಲಿ ಕೂತೇ ಬಿಟ್ಟಿತು. ರೇಸ್ ಕೊಟ್ಟಷ್ಟೂ ಇನ್ನೂ ಒಳಗೆ. ನಮ್ಮ ಎರೆಮಣ್ಣಿನಲ್ಲಿ ಸಿಕ್ಕರೆ ಏನು ಮಾಡಬೇಕು ಅಂತ ಗೊತ್ತು, ತೊಗರಿ ಕಟ್ಟಿಗೆ, ಕಲ್ಲು ತುರುಕಿ ಎಬ್ಬಿಸುತ್ತೇವೆ. ಇಲ್ಲಿ ಸುತ್ತ ಕಣ್ಣಾಡಿಸಿದರೆ ಒಂದು ಕಡ್ಡಿಯೂ ಇಲ್ಲ. ಜೈಸಲ್ಮೇರ್‌ನಲ್ಲಿ ಗಾಳಿಯಂತ್ರದ ಕೆಲಸದಲ್ಲಿರುವ ಜೇವರ್ಗಿ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ. ಮೊದಲು ಚೆನ್ನಾಗಿ ನಕ್ಕ, ಆಮೇಲೆ ಟೈರಿನ ಗಾಳಿ ಅರ್ಧಕ್ಕಿಳಿಸು, ಗಾಲಿ ಮುಂದಿನ ಮರಳು ಕೈಯಲ್ಲಿ ಬಗೆ, ಕಾರಿನೊಳಗಿನ ಮ್ಯಾಟ್ ಹಾಸು, ನಿಧಾನ ಎತ್ತು ಅಂದ. ಒಬ್ಬ ಕುರಿ ಕಾಯುವ ಅಜ್ಜ ಬಂದು ಮಾತಿಲ್ಲದೆ ಹಿಂದೆ ನಿಂತು ನೂಕಿದ. ಬಂತು ಮೇಲೆ. ಹಣ ಕೊಡಲು ಹೋದರೆ ಕೈಯಾಡಿಸಿದ, ಒಂದು ಬೀಡಿ ಇದ್ರೆ ಕೊಡು ಅಂತ ಸನ್ನೆ ಮಾಡಿದ. ನಮ್ಮ ಹತ್ತಿರ ಶೇಂಗಾ ಹೋಳಿಗೆ ಇತ್ತು, ಅದನ್ನೇ ಕೊಟ್ಟೆವು. ಗಾಳಿ ತುಂಬುವ ಸಣ್ಣ ಪಂಪು ನಿಮ್ಮ ಡಿಕ್ಕಿಯಲ್ಲಿರಲಿ.

ಹೊಸದೇನಿದೆ ಅಂದಿರಲ್ಲ. ಬಿಸಿಲು ಹೊಸದಲ್ಲ, ಮೇ ತಿಂಗಳ ಕಲಬುರಗಿ ಕಂಡವರು ನಾವು. ಆದರೆ ಅಲ್ಲಿಗೆ ಬೇಸಿಗೆಯಲ್ಲಿ ಹೋಗುವ ಹುಚ್ಚು ಬೇಡ. ಅದೇ ಕಡೆಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿದೆ. ನನಗೆ ಹೊಸದು ಅನಿಸಿದ್ದು ಚಳಿ. ಸಂಜೆ ಆರಕ್ಕೆ ಅಂಗಿ ಸಾಕಿತ್ತು, ಎಂಟಕ್ಕೆ ಎರಡು ಸ್ವೆಟರ್ ಹಾಕಿಕೊಂಡು ನಡುಗಿದೆ. ಮತ್ತೆ, ಮಳೆ. ಜೈಸಲ್ಮೇರ್‌ಗೆ ವರ್ಷಕ್ಕೆ 200 ಮಿ.ಮೀ. ಆಸುಪಾಸು, ನಮ್ಮಲ್ಲಿ ಬೀಳುವುದರ ಮೂರನೇ ಒಂದು ಪಾಲೂ ಅಲ್ಲ. ಅಷ್ಟರಲ್ಲೇ 1156ರಿಂದ ಒಂದು ಕೋಟೆ ನಿಂತಿದೆ, ಅದರೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಕಟ್ಟಿದ್ದೆಲ್ಲ ಹಳದಿ ಕಲ್ಲು. ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ಆಡಿ ಬೆಳೆದ ನನಗೆ ಊರೆಲ್ಲ ಒಂದೇ ಕಲ್ಲು ಅನ್ನುವುದು ವಿಚಿತ್ರ ಅನಿಸಲಿಲ್ಲ, ಆದರೆ ಸಂಜೆ ಬಿಸಿಲಿಗೆ ಅದು ಬಣ್ಣ ಬದಲಿಸುವುದನ್ನು ನೋಡಲು ಎರಡು ದಿನವೂ ಅದೇ ಜಾಗಕ್ಕೆ ಹೋದೆ.

ಗೆಳೆಯರ ಮನೆಯಲ್ಲೇ ಉಳಿಯಬೇಕಾ ಅನ್ನುವುದು ಅವರ ಮನೆ ನೋಡಿ ತೀರ್ಮಾನ ಮಾಡಿ. ಸಂಸಾರಸ್ಥರ ಮನೆಯಲ್ಲಿ ಎರಡು ರಾತ್ರಿ ಉಳಿದೆವು. ಜೈಸಲ್ಮೇರ್‌ನವನು ನಾಲ್ಕು ಜನರ ಜೊತೆ ಒಂದೇ ರೂಮಿನಲ್ಲಿದ್ದ, ಅಲ್ಲಿ ಲಾಡ್ಜ್ ಮಾಡಿದೆವು, ಊಟಕ್ಕೆ ಅವನನ್ನೇ ಕರೆದೆವು. ಕೈಬೀಸಿಕೊಂಡು ಹೋಗಬೇಡಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಐದು ಕಿಲೋ ತೊಗರಿಬೇಳೆ ಒಯ್ದಿದ್ದೆವು. ಜೇವರ್ಗಿಯವನು ರೊಟ್ಟಿ ಮುರಿದು ವಾಸನೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬರುವಾಗ ಅರ್ಧ ಕಿಲೋ ಸಾಂಗ್ರಿ ತಂದಿದ್ದೆ. ಅವ್ವ ಅದಕ್ಕೆ ಗುರೆಳ್ಳು ಪುಡಿ ಉದುರಿಸಿ, ಬೆಲ್ಲ ಹಾಕಿ ಪಲ್ಯ ಮಾಡಿದಳು. ಫೋಟೋ ಜೋಧ್‌ಪುರದ ಗೆಳೆಯನಿಗೆ ಕಳಿಸಿದೆ. "ಬೆಲ್ಲಾ ಯಾಕ ಹಾಕಿದ್ರಲೇ" ಅಂತ ಬೈದ, ಆಮೇಲೆ ಅವ್ವನ ಕೈಯಲ್ಲೇ ಫೋನ್ ಕೊಡು ಅಂದ.