ಅಕ್ಕನ ಹತ್ರ ಕೇಳಿ: ಮೊದಲಿನ ಹಾಗೆ ಎದೆ ಢವಢವ ಅನ್ನುವುದಿಲ್ಲ, ಮದುವೆ ಆಗಬಹುದಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನನಗೆ 24 ವರ್ಷ, ಕಾರ್ಕಳದ ಹತ್ತಿರ ನಮ್ಮ ಊರು, ಮಂಗಳೂರಲ್ಲಿ ಅಕೌಂಟ್ಸ್ ಕೆಲಸ. ಅವನೂ ನಮ್ಮ ಇಗರ್ಜಿಯವನೇ, ಕ್ವಾಯರ್‌ನಲ್ಲಿ ಪರಿಚಯ, ಅವನು ಗಿಟಾರ್ ನಾನು ಹಾಡುವುದು, ಅತ್ತೂರು ಜಾತ್ರೆ ದಿನ ಅವನೇ ಕೇಳಿದ್ದು, ಈಗ ನಾಲ್ಕು ವರ್ಷ ಆಯ್ತು. ಎರಡು ವರ್ಷದಿಂದ ಅವನು ಕುವೈಟ್‌ನಲ್ಲಿ ಎಸಿ ಮೆಕ್ಯಾನಿಕ್. ಮೊದಲೆಲ್ಲ ಅವನ ಕಾಲ್ ಬಂದ್ರೆ ಸಾಕು ಎದೆ ಢವಢವ, ರಾತ್ರಿ ಎರಡು ಗಂಟೆ ಆದ್ರೂ ಮಾತು ಮುಗಿಯುತ್ತಿರಲಿಲ್ಲ. ಈಗ ಹತ್ತು ನಿಮಿಷ, ಊಟ ಆಯ್ತಾ, ಡ್ಯೂಟಿ ಹೇಗಿತ್ತು, ಗುಡ್‌ನೈಟ್, ಅಷ್ಟೇ. (ಹೋದ ವರ್ಷ ಮಮ್ಮಿಗೆ ಡೆಂಗ್ಯೂ ಆಗಿ ಪ್ಲೇಟ್‌ಲೆಟ್ ಬೇಕಾದಾಗ ಅವನು ಅಲ್ಲಿಂದಲೇ ನಾಲ್ಕು ಫ್ರೆಂಡ್ಸ್‌ಗೆ ಹೇಳಿ ಆಸ್ಪತ್ರೆಗೆ ಕಳಿಸಿದ್ದ, ಮಮ್ಮಿ ಮನೆಗೆ ಬರುವವರೆಗೂ ದಿನಾ ಫೋನ್ ಮಾಡ್ತಿದ್ದ.) ಮೊಂತಿ ಫೆಸ್ತಿಗೆ (ಮೇರಿ ಮಾತೆಯ ಹುಟ್ಟುಹಬ್ಬ) ರಜೆಯಲ್ಲಿ ಬಂದವನು ಮನೆಯಲ್ಲಿ ಮಾತಾಡಿಸಿ ನಿಶ್ಚಿತಾರ್ಥ ಮಾಡಿಸಿಯೇ ಹೋದ. ಜನವರಿಯಲ್ಲಿ ಮದುವೆ. ಎಲ್ಲರಿಗೂ ಖುಷಿ, ನನಗೆ ಮಾತ್ರ ಭಯ. ಬೇರೆ ಯಾರ ಮೇಲೂ ಮನಸ್ಸಿಲ್ಲ. ಆದ್ರೆ ಫೀಲಿಂಗ್ಸೇ ಕಮ್ಮಿ ಆದ ಮೇಲೆ ಸಾಯುವವರೆಗೂ ಅಂತ ದೇವರ ಮುಂದೆ ಹೇಗೆ ಹೇಳಲಿ? ಆಫೀಸಿನ ಫ್ರೆಂಡ್ಸ್ ಈಗಲೇ ಹೀಗಾದ್ರೆ ಮುಂದೆ ಕಷ್ಟ ಅಂತಾರೆ. ನಮ್ಮಲ್ಲಿ ಡೈವೋರ್ಸೂ ಇಲ್ಲವಲ್ಲ ಅಕ್ಕಾ.

ಉತ್ತರ: ತಂಗೀ, ನಿನ್ನ ಕಾಗದ ಮೂರು ಸಲ ಓದಿದೆ, ಕುವೈಟ್ ಅಂತ ಕಂಡ ಕೂಡಲೇ ನನ್ನ ಕಣ್ಣು ಅಲ್ಲೇ ನಿಂತಿತು, ಯಾಕೆ ಅಂತ ಆಮೇಲೆ ಹೇಳ್ತೇನೆ.

ಮೊದಲು ಆ ಭಯದ ವಿಷಯ. ನಿಶ್ಚಿತಾರ್ಥ ಆಗಿಹೋಯ್ತು ಇನ್ನು ಹಿಂದೆ ಹೋಗಲಿಕ್ಕೆ ಇಲ್ಲ ಅಂತ ನಿನ್ನ ತಲೆಯಲ್ಲಿ ಇದ್ರೆ ಅದನ್ನು ತೆಗೆದುಹಾಕು. ನಿಶ್ಚಿತಾರ್ಥ ಆದ ಮಾತ್ರಕ್ಕೆ ಮದುವೆ ಆಗಲೇಬೇಕು ಅಂತ ಒತ್ತಾಯ ಮಾಡುವ ಹಕ್ಕು ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ ಯಾರಿಗೂ ಇಲ್ಲ. ಮದುವೆ ದಿನ ಫಾದರ್ ಮೊದಲು ಕೇಳುವುದೇ, ಯಾರ ಬಲವಂತವೂ ಇಲ್ಲದೆ ನಿಮ್ಮ ಸ್ವಂತ ಮನಸ್ಸಿನಿಂದ ಬಂದಿದ್ದೀರಾ ಅಂತ. ಅದು ಶಾಸ್ತ್ರಕ್ಕೆ ಕೇಳುವ ಮಾತಲ್ಲ, ಬೆದರಿಕೆಯಿಂದ ಹೇಳಿಸಿದ ಹೌದು ಹೌದೇ ಅಲ್ಲ, ಅಂಥ ಮದುವೆ ಮದುವೆಯೇ ಅಲ್ಲ ಅಂತ ಸಭೆ ಹೇಳ್ತದೆ. ಇಗರ್ಜಿಯಲ್ಲಿ ಮೂರು ಭಾನುವಾರ ಮದುವೆ ಆಗುವವರ ಹೆಸರು ಓದುವುದೂ ಹಾಗೇ, ಹಿಂದೆ ಯಾರಿಗೂ ತಿಳಿಯದ ಹಾಗೆ ಗುಟ್ಟಿನಲ್ಲಿ ಮದುವೆ ಆಗಿ ಆಮೇಲೆ ನಾನು ಮಾತೇ ಕೊಟ್ಟಿಲ್ಲ ಅಂತ ಕೈಬಿಡುವವರು ತುಂಬಾ ಇದ್ರು, ಅದಕ್ಕೇ 1563ರಲ್ಲಿ ಬಿಷಪರ ಟ್ರೆಂಟ್ ಮಹಾಸಭೆ ಮೊದಲೇ ಪ್ರಕಟಣೆ ಓದಬೇಕು, ಗುರುಗಳು ಮತ್ತು ಸಾಕ್ಷಿಗಳ ಮುಂದೆಯೇ ಮದುವೆ ಆಗಬೇಕು ಅಂತ ಮಾಡಿದ್ದು. ಡೈವೋರ್ಸ್ ಇಲ್ಲ ಅನ್ನುವುದು ಅರ್ಧ ನಿಜ, ದೇಶದ ಕಾನೂನಿನಲ್ಲಿ ನಮಗೂ ಉಂಟು, 1869ರ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗಿ ಇಬ್ಬರೂ ಒಪ್ಪಿದ್ರೂ ಸಿಗ್ತದೆ, ಆದ್ರೆ ಸಭೆಯ ಲೆಕ್ಕದಲ್ಲಿ ಆ ಬಂಧ ಅಷ್ಟಕ್ಕೆ ಮುಗಿಯುವುದಿಲ್ಲ. ಹಾಗಾಗಿ ನೀನು ಹೆದರಿದ್ದು ತಪ್ಪಲ್ಲ. ಹೆದರದೆ ನಗ್ತಾ ಬಂದು ಮಾತು ಕೊಟ್ಟುಹೋಗುವವರನ್ನು ಕಂಡ್ರೆ ನನಗೆ ಹೆಚ್ಚು ಚಿಂತೆ.

ಈಗ ಫೀಲಿಂಗ್ಸ್. ಮದುವೆಯ ಮಾತು ನೆನಪು ಮಾಡಿಕೋ, ಎಷ್ಟು ಮದುವೆಗೆ ಹಾಡಿದ್ದೀ ನೀನು. ನಾನು ನಿನ್ನನ್ನು ಸ್ವೀಕರಿಸ್ತೇನೆ, ಸುಖದಲ್ಲೂ ದುಃಖದಲ್ಲೂ ರೋಗದಲ್ಲೂ ಆರೋಗ್ಯದಲ್ಲೂ ನಿಷ್ಠೆಯಿಂದ ಇರ್ತೇನೆ, ಬದುಕಿರುವಷ್ಟು ದಿನ ಪ್ರೀತಿಸ್ತೇನೆ, ಗೌರವಿಸ್ತೇನೆ. ಇದರಲ್ಲಿ ಈಗ ನನ್ನ ಎದೆಯಲ್ಲಿ ಹೀಗಾಗ್ತಾ ಉಂಟು ಅನ್ನುವ ಒಂದು ಪದ ಎಲ್ಲಿದೆ ಹೇಳು? ಪ್ರೀತಿ ಬರುವುದು ಕೊನೆಗೆ, ಅದೂ ಇನ್ನು ಮುಂದೆ ಮಾಡುವ ಕೆಲಸವಾಗಿ. ಮತ್ತೆ ಈ ಮಾತು ಫಾದರ್ ಹೇಳುವುದಲ್ಲ, ನೀವಿಬ್ಬರೇ ಒಬ್ಬರಿಗೊಬ್ಬರು ಹೇಳುವುದು, ನಮ್ಮ ಬೋಧನೆಯಲ್ಲಿ ಆ ಸಂಸ್ಕಾರವನ್ನು ಕೊಡುವವರು ವಧು ವರರೇ, ಗುರುಗಳು ಸಭೆಯ ಪರವಾಗಿ ಸಾಕ್ಷಿ.

ಕುವೈಟ್ ಕಥೆ ಹೇಳ್ತೇನೆ. 1990ರ ಮೇ ತಿಂಗಳಲ್ಲಿ ನಮ್ಮ ನಿಶ್ಚಿತಾರ್ಥ, ಮುಂದಿನ ಜನವರಿಗೆ ಮದುವೆ ಅಂತ ಮಾತಾಗಿ ಇವರು ಕುವೈಟಿಗೆ ವಾಪಸ್ ಹೋದ್ರು, ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಒಳಗೆ ನುಗ್ಗಿತು. ಎರಡು ತಿಂಗಳು ಸುದ್ದಿಯೇ ಇಲ್ಲ, ಫೋನಿಲ್ಲ ಕಾಗದ ಇಲ್ಲ, ಅಮ್ಮ ದಿನಾ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ಇವರ ಹೆಸರು ಸೇರಿಸ್ತಿದ್ರು, ನಾನು ಬಾಯಿ ಆಡಿಸ್ತಿದ್ದೆ ಅಷ್ಟೇ. ಬಾಗ್ದಾದ್ ದಾಟಿ ಬಸ್ಸಲ್ಲಿ ಜೋರ್ಡಾನಿನ ಅಮ್ಮಾನ್‌ವರೆಗೆ ಬಂದು ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಲಕ್ಷಕ್ಕಿಂತ ಹೆಚ್ಚು ಜನ ಊರಿಗೆ ಬಂದ್ರು, ಇವರೂ ಹಾಗೇ ಅಕ್ಟೋಬರಿನಲ್ಲಿ ಬಂದದ್ದು. ನಮ್ಮ ಮನೆ ಜಗಲಿಯಲ್ಲಿ ನಿಂತವರ ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗ್, ಅದರ ಜಿಪ್ ಹೋಗಿ ತೆಂಗಿನ ಹಗ್ಗ ಕಟ್ಟಿತ್ತು. ಕೆಲಸ ಹೋಯ್ತು, ಬ್ಯಾಂಕಿನ ದುಡ್ಡು ಅಲ್ಲೇ, ನನಗೆ ಅಂತ ತೆಗೆದಿಟ್ಟ ಸರವೂ ಅಲ್ಲೇ. ಒಳಗೆ ಮಾವಂದಿರು ಈ ಸಂಬಂಧ ಬಿಟ್ಟುಬಿಡುವ ಅಂತ ಮಾತಾಡುವುದು ಹೊರಗೆ ಕೇಳ್ತಾ ಇತ್ತು. ಇವರು ನನ್ನ ಹತ್ರ ಮೆಲ್ಲ ಹೇಳಿದ್ರು, ನಿಂಗೆ ಬೇಡ ಅಂತಾದ್ರೆ ನಾನೇ ನಿನ್ನ ಪಪ್ಪನ ಹತ್ರ ಹೇಳ್ತೇನೆ, ಹುಡುಗಿ ಬಿಟ್ಟಳು ಅಂತ ನಿನ್ನ ಮೇಲೆ ಮಾತು ಬರುವುದು ಬೇಡ ಅಂತ.

ಆಗ ನನ್ನ ಎದೆ ಢವಢವ ಅನ್ನಲಿಲ್ಲ ತಂಗೀ. ಸಿಟ್ಟಿತ್ತು, ನಾಚಿಕೆಯಿತ್ತು, ನಾಳೆ ಹೇಗೆ ಅನ್ನುವ ಯೋಚನೆ ಇತ್ತು. ಆದ್ರೆ ತನ್ನದೆಲ್ಲ ಹೋದ ದಿನವೂ ನನ್ನ ಮರ್ಯಾದೆ ಬಗ್ಗೆ ಯೋಚಿಸಿದ ಮನುಷ್ಯ ಇವರು ಅಂತ ಕಂಡಿತು, ಒಳಗೆ ಹೋಗಿ ನಾನು ಇವರನ್ನೇ ಆಗುವುದು ಅಂತ ಹೇಳಿದೆ. ಈಸ್ಟರ್ ಕಳೆದ ಮೇಲೆ ಮದುವೆ ಆಯ್ತು, ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಇವರಿಗೆ ಸಣ್ಣ ಸಂಬಳದ ಕೆಲಸ. ಢವಢವ ಆಮೇಲೆ ಬಂತು, ಹೋಯ್ತು, ಮತ್ತೆ ಬಂತು, ಈಗಲೂ ಬರ್ತದೆ.

ನಮ್ಮವರ ಮದುವೆ ಕಾರ್ಡ್‌ನಲ್ಲಿ ನೀನು ಹೋದಲ್ಲಿಗೆ ನಾನೂ ಬರುವೆನು ಅನ್ನುವ ವಾಕ್ಯ ಕೆಲವೊಮ್ಮೆ ಕಾಣ್ತದಲ್ಲ, ಅದು ರೂತಳ ಮಾತು, ಬೈಬಲ್ ತೆಗೆದು ನೋಡು, ಅವಳು ಅದನ್ನು ಹೇಳಿದ್ದು ಗಂಡನಿಗಲ್ಲ, ಗಂಡ ಸತ್ತ ಮೇಲೆ ಅತ್ತೆ ನೊವೊಮಿಗೆ. ಕೈಯಲ್ಲಿ ಏನೂ ಇಲ್ಲದ ಇಬ್ಬರು ಹೆಂಗಸರು ದಾರಿಯಲ್ಲಿ ನಿಂತು ಆಡಿದ ಮಾತು ಅದು.

ನೀನು ಬ್ರಾಕೆಟ್ ಹಾಕಿ ಬರೆದದ್ದನ್ನು ಇನ್ನೊಮ್ಮೆ ಓದು. ಪ್ಲೇಟ್‌ಲೆಟ್ ವಿಷಯ. ಇಡೀ ಕಾಗದದಲ್ಲಿ ನನಗೆ ಆ ಹುಡುಗ ಕಂಡದ್ದು ಅಲ್ಲೇ. ಬಿಸಿಲಲ್ಲಿ ಡ್ಯೂಟಿ ಮಾಡಿ ಬಂದವನು ಊಟ ಆಯ್ತಾ ಅಂತ ಕೇಳಿದ್ರೆ ಅದು ಕಮ್ಮಿ ಮಾತಲ್ಲ. ಹಾಗಂತ ಕಣ್ಣು ಮುಚ್ಚಿ ಹೌದು ಅನ್ನು ಅಂತ ನಾನು ಹೇಳುವುದಿಲ್ಲ. ಕುಡಿತ, ಕೈ ಎತ್ತುವುದು, ಸುಳ್ಳು, ದುಡ್ಡಿನ ಗುಟ್ಟು, ನೀನು ಕೆಲಸ ಬಿಡಬೇಕು ಅನ್ನುವ ಹಟ, ಇದರಲ್ಲಿ ಒಂದು ಕಂಡಿದ್ರೂ ಹಾಲ್ ಬುಕ್ ಆಗಿದ್ರೂ ನಿಲ್ಲಿಸು. ಅಂಥದ್ದು ಇಲ್ಲ ಅಂತಾದ್ರೆ ಈ ಶುಕ್ರವಾರ ಅವನಿಗೆ ರಜೆ ಇರುವಾಗ ಫೋನ್ ಮಾಡಿ ನನಗೆ ಬರೆದದ್ದನ್ನೇ ಅವನಿಗೂ ಹೇಳು, ಭಯ ಆಗ್ತದೆ ಅಂತಲೇ ಹೇಳು. ಮದುವೆಗೆ ಮೊದಲಿನ ಕೋರ್ಸಿಗೆ ಸರ್ಟಿಫಿಕೇಟಿಗೋಸ್ಕರ ಹೋಗಬೇಡ, ಅಲ್ಲಿ ದುಡ್ಡು, ಮಕ್ಕಳು, ಮದುವೆ ಆದ ಮೇಲೆ ಅವನು ಅಲ್ಲಿ ನೀನು ಇಲ್ಲಿ ಎಷ್ಟು ವರ್ಷ, ಎಲ್ಲ ಬಾಯಿಬಿಟ್ಟು ಕೇಳು. ಅವನು ಹೇಗೆ ಕೇಳಿಸಿಕೊಳ್ತಾನೆ ಅಂತ ನೋಡಿ ನನಗೆ ಬರಿ.

ಪ್ರಶ್ನೆ: ನಾನು ಹುಬ್ಬಳ್ಳಿ, ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವನು, ಅವಳು ಕ್ಯಾಥೊಲಿಕ್, ಇಬ್ಬರಿಗೂ 20. ನಮ್ಮ ಮದುವೆಗೆ ಅವರ ಚರ್ಚ್ ಒಪ್ಪುತ್ತಾ? ಮನೆಯಲ್ಲಿ ಒಪ್ಪದಿದ್ರೆ ಈಗಲೇ ರಿಜಿಸ್ಟರ್ ಮಾಡ್ಕೋಬೋದಾ?

ಉತ್ತರ: ಈಗ ಆಗುವುದಿಲ್ಲ ತಮ್ಮಾ, ಕಾನೂನು ಪ್ರಕಾರ ಹುಡುಗನಿಗೆ 21 ತುಂಬಬೇಕು. ಚರ್ಚ್ ವಿಷಯಕ್ಕೆ ಹೆದರಬೇಡ, ನಿನ್ನ ದೀಕ್ಷಾಸ್ನಾನವನ್ನು ಅವರೂ ಮಾನ್ಯ ಮಾಡ್ತಾರೆ, ನೀನು ಸಭೆ ಬದಲಾಯಿಸಲೇಬೇಕು ಅಂತ ಇಲ್ಲ. ಬಿಷಪ್‌ರ ಅನುಮತಿ ಬೇಕು, ಅವಳು ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳನ್ನು ಕ್ಯಾಥೊಲಿಕ್ ಆಗಿ ಬೆಳೆಸಲು ತನ್ನಿಂದಾದಷ್ಟು ಮಾಡ್ತೇನೆ ಅಂತ ಮಾತು ಕೊಡಬೇಕು, ಆ ಮಾತು ನಿನಗೂ ಗೊತ್ತಿರಬೇಕು. ಮಕ್ಕಳ ವಿಷಯ ಇಬ್ಬರೂ ಒಮ್ಮೆಯಾದ್ರೂ ಕೂತು ಮಾತಾಡಿದ್ದೀರಾ? ಇಲ್ಲಾಂದ್ರೆ ಮನೆಯವರನ್ನು ಒಪ್ಪಿಸುವ ಮೊದಲು ಅದು ಆಗಲಿ. ಡಿಗ್ರಿ ಮುಗಿಸು, ಒಂದು ಕೆಲಸ ನೋಡು, ಆಮೇಲೆ ನಿನ್ನ ಪಾಸ್ಟರನ್ನು ಕರ್ಕೊಂಡು ಅವಳ ತಂದೆ ಹತ್ರ ನೇರ ಹೋಗಿ ಕೇಳು.